ಜರಡಿಯ ಮೇಲೆ ಉಳಿದದ್ದು

ಗುತ್ತಿಗೆದಾರನು ಕಲ್ಲಿದ್ದಲ ಬೂದಿಯ ಚೀಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಕಿಯ ಮೇಜಿನ ಮೇಲೆ ಕುಕ್ಕಿ, ಪಕ್ಕದಲ್ಲಿ ಮಚ್ಚನ್ನು ಇಟ್ಟನು. ಬೂದಿಯಲ್ಲಿ ಬೆಲೆಬಾಳುವ ಲೋಹವಿದೆ ಎಂಬ ವರದಿ ದೊರೆತರೆ ಅವನ ಬೂದಿಗುಡ್ಡವನ್ನು ಕಂಪನಿಯೊಂದು ಕೊಳ್ಳಲಿತ್ತು.

“ಟೈಟಾನಿಯಂ ಐತಿ ಅಂತ ಬರಿ. ಈ ಕುರ್ಚಿಯಾಗ ಕುಂತಿದ್ದ ನಿಮ್ಮಣ್ಣ ಬರೀಲಿಲ್ಲ, ಊರು ಬಿಟ್ಟು ಓಡಿಹೋದ.”

“ಆ ಕುಂಟುಗಾಲಾಗ ಎಷ್ಟು ದೂರ ಓಡಿದ್ನರಿ?”

ಮಚ್ಚಿನ ಹಿಡಿ ಅವಳ ದವಡೆಗೆ ಅಪ್ಪಳಿಸಿತು. ಅವಳು ರಕ್ತವನ್ನು ಉಗುಳಿ ಹೇಳಿದಳು: “ನಿಯಮದ ಪ್ರಕಾರ ನಮೂನೆ ನಾನೇ ಬಂದು ತರಬೇಕ್ರಿ.”

“ನನ್ನ ಭಟ್ಟಿ ಹತ್ರ ಯಾರೂ ಕಾಲಿಡಂಗಿಲ್ಲ. ಭಟ್ಟಿಯೊಳಗಿಂದ ನಾನೇ ಬಳಕೊಂಡು ಬಂದೀನಿ. ನೋಡು.”

ಅವಳು ಬೂದಿಯನ್ನು ಜರಡಿಗೆ ಸುರಿದು ಅಲುಗಿಸಿದಳು. ನುಣುಪಾದ ಭಾಗವೆಲ್ಲ ಕೆಳಗಿಳಿಯಿತು. ಮೇಲೆ ಉಳಿದದ್ದನ್ನು ಚಿಮಟದಿಂದ ಎತ್ತಿ ಬಹಳ ಹೊತ್ತು ನೋಡಿದಳು.

“ಐತೇನು?”

“ಐತ್ರಿ. ಟೈಟಾನಿಯಮ್ಮೇ.”

“ನಿಮ್ಮಣ್ಣನ ಕಣ್ಣಿಗೆ ಮಾತ್ರ ಕಾಣಲಿಲ್ಲ ನೋಡು!” ಅವನು ನಗುತ್ತ ಮಚ್ಚನ್ನು ಮೇಜಿನ ಮೇಲಿಟ್ಟು, ಕಂಪನಿಯವರಿಗೆ ಫೋನು ಮಾಡಲು ಅತ್ತ ತಿರುಗಿದನು.

ಅವಳು ಮಚ್ಚನ್ನು ಕೈಗೆತ್ತಿಕೊಂಡಳು.

“ಹೆಂಗ ಕಂಡೀತ್ರಿ? ಕಾಲು ಮುರಿದಾಗ ಡಾಕ್ಟರು ಅವನ ಎಲುಬಿಗೆ ಹಾಕಿದ ಸ್ಕ್ರೂ ಇದು.”