ಯಾರ ನಕಲು ಇದು

ವೇದಿಕೆಯ ಮೇಲಿದ್ದ ಕಿರಿಯ ತರಗತಿಯ ಹುಡುಗಿ ಎರಡು ಹೆಗಲಿಗೂ ಒಂದೊಂದು ಬ್ಯಾಗು ನೇತುಹಾಕಿಕೊಂಡು, ಕ್ಯಾಂಟೀನಿನ ಕೌಂಟರಿನ ಮುಂದೆ ನಿಂತವಳ ಹಾಗೆ ನಿಂತಳು. "ಕಾಫಿನಾ, ಟೀನಾ?" ಎಂದು ಪರದೆಯ ಹಿಂದಿನಿಂದ ಒಂದು ದನಿ ಕೇಳಿತು. ಹುಡುಗಿ ಪಕ್ಕಕ್ಕೆ ತಿರುಗಿ, ಅಲ್ಲಿ ಇಲ್ಲದ ಯಾರನ್ನೋ ನೋಡಿ, "ಅವಳು ಏನು ತಗೋತಾಳೋ ಅದೇ ನಂಗೂ" ಎಂದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೂರನೆಯ ಸಾಲಿನಲ್ಲಿ ಕೂತಿದ್ದ ಗುಬ್ಬಿ.

ಆ ಕಾಲೇಜಿನಲ್ಲಿ ಬೀಳ್ಕೊಡುಗೆಯ ದಿನ ಇದೊಂದು ಆಟ. ಕೊನೆಯ ವರ್ಷದವರು ಕುರ್ಚಿಗಳಲ್ಲಿ ಕೂರುತ್ತಾರೆ. ಕಿರಿಯರು ಒಬ್ಬೊಬ್ಬರಾಗಿ ಬಂದು ಅವರ ನಕಲು ಮಾಡುತ್ತಾರೆ. ಹೆಸರು ಹೇಳುವ ಹಾಗಿಲ್ಲ, ಬೆರಳು ತೋರಿಸುವ ಹಾಗಿಲ್ಲ. ಯಾರ ನಕಲೋ ಅವರೇ ತಮ್ಮನ್ನು ಗುರುತಿಸಿಕೊಂಡು ಎದ್ದು ಹೋಗಬೇಕು, ಅಲ್ಲಿಯವರೆಗೂ ನಕಲು ನಿಲ್ಲುವುದಿಲ್ಲ. ಮೇಲೆ ಹೋದವರಿಗೆ ಒಂದು ಹೂವು, ಒಂದು ಪ್ರಶ್ನೆ: ಮುಂದೇನು? ಸಾಮಾನ್ಯವಾಗಿ ಎಲ್ಲರೂ ಬೇಗನೆ ಎದ್ದುಬಿಡುತ್ತಾರೆ. ತನ್ನ ನಡಿಗೆ, ತನ್ನ ಕೆಮ್ಮು ಯಾರಿಗೆ ತಾನೇ ಗೊತ್ತಿರುವುದಿಲ್ಲ?

ಆ ಪ್ರಶ್ನೆಯೇ ಗುಬ್ಬಿಯನ್ನು ಬೆಳಗಿನಿಂದ ಕಾಡುತ್ತಿತ್ತು. ಅವಳ ಸೋದರತ್ತೆಗೆ ಕನ್ನಡಕದ ಅಂಗಡಿ. ರಜೆಯಲ್ಲೆಲ್ಲ ಗುಬ್ಬಿ ಅಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದನ್ನು ಕಲಿತಿದ್ದಳು. ಆ ಕೆಲಸಕ್ಕೆ ಕೂತರೆ ಅವಳಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. "ಬರ್ತೀಯೋ ಇಲ್ವೋ ಸಂಜೆಯೊಳಗೆ ಹೇಳಿಬಿಡು ಕಣೇ, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದು ಅತ್ತೆ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. "ನೋಡ್ತೀನಿ ಅತ್ತೆ" ಎಂದಿದ್ದಳು ಗುಬ್ಬಿ. ಇತ್ತ ಪಕ್ಕದ ಕುರ್ಚಿಯ ಗೆಳತಿ, ಇಡೀ ತರಗತಿ ಲೀಡರಮ್ಮ ಎಂದು ಕರೆಯುವವಳು, ಇಬ್ಬರಿಗೂ ಎಂ.ಎ.ಗೆ ಅರ್ಜಿ ಹಾಕಿ, ಹಾಸ್ಟೆಲಿನಲ್ಲಿ ಕೋಣೆಯನ್ನೂ ಗೊತ್ತು ಮಾಡಿಟ್ಟಿದ್ದಳು. ಅದಕ್ಕೂ ಗುಬ್ಬಿ ಹೂಂಗುಟ್ಟಿದ್ದಳು. ನಿನಗೆ ಯಾವುದು ಬೇಕೇ ತಾಯಿ ಎಂದು ತನ್ನನ್ನೇ ಕೇಳಿಕೊಂಡರೆ ಪಾಪ, ಅವಳ ತಲೆ ಗೊಂದಲದ ಗೂಡಾಗುತ್ತಿತ್ತು.

"ಬಸ್ಸು ಬಂತು, ಹತ್ತಮ್ಮಾ" ಎಂದಿತು ಪರದೆಯ ಹಿಂದಿನ ದನಿ. "ತಡೀರಿ, ಅವಳು ಬರ್ಲಿ" ಎಂದಳು ಹುಡುಗಿ. ಬಸ್ಸು ಹೊರಟುಹೋದ ಸದ್ದು. "ಸರಿ, ನಿನ್ನೆ ನೋಡಿದ ಸಿನಿಮಾ ಹೇಗಿತ್ತು?" "ಅವಳಿಗೆ ಹಿಡಿಸ್ತಂತಾ?" ಮತ್ತೆ ನಗು. ಮುಂದಿನ ಸಾಲಿನವರೆಲ್ಲ ಕತ್ತು ತಿರುಗಿಸಿ ತಮ್ಮಿಬ್ಬರ ಕಡೆಗೇ ನೋಡುತ್ತಿದ್ದುದು ಗುಬ್ಬಿಗೆ ಕಂಡಿತು. ಅವರು ನೋಡುತ್ತಿರುವುದು ಲೀಡರಮ್ಮನನ್ನು ಎಂದುಕೊಂಡಳು; ಯಾವಾಗಲೂ ಹಾಗೇ ತಾನೇ. ಮೊಣಕೈಯಿಂದ ಅವಳನ್ನು ತಿವಿದಳು.

"ಏಳೇ, ನಿಂದೇ ಇದು."

"ನಂದಾ? ನಾನ್ಯಾವಾಗ ಎರಡು ಬ್ಯಾಗು ಹೊತ್ತಿದ್ದೆ?" ಎಂದಳು ಲೀಡರಮ್ಮ.

"ಮತ್ತೆ ಎಲ್ಲಾ ನಿನ್ನೇ ನೋಡ್ತಿದಾರಲ್ಲ."

"ನನ್ನನ್ನಲ್ಲ ಕಣೇ."

ಗುಬ್ಬಿ ಹಿಂದೆ ತಿರುಗಿದಳು. ಹಿಂದಿನ ಸಾಲಿಗೆ ಸಾಲೇ ಹಲ್ಲು ಕಿರಿಯಿತು. "ಹಾಗಾದ್ರೆ ಯಾರೇ ಅದು? ನಂಗಂತೂ ತಲೆಬುಡ ಗೊತ್ತಾಗ್ತಿಲ್ಲ, ನೀನೇ ಹೇಳಿಬಿಡೇ" ಎಂದು ಮತ್ತೆ ಲೀಡರಮ್ಮನನ್ನೇ ಕೇಳಿದಳು. ಗುಬ್ಬಿಯ ಕಣ್ಣು ಅವಳ ಖಾಲಿ ಕೈಗಳ ಮೇಲೆ ಬಿತ್ತು, ಆಮೇಲೆ ತನ್ನ ಮಡಿಲ ಮೇಲೆ. ಅಲ್ಲಿ ಎರಡು ಬ್ಯಾಗುಗಳಿದ್ದವು.

ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟಾಗೋಣವೆಂದರೆ ಅವಳು ಸುಳ್ಳೇನೂ ತೋರಿಸಿರಲಿಲ್ಲ. ಲೀಡರಮ್ಮನ ಮೇಲೆ ಸಿಟ್ಟಾಗೋಣವೆಂದರೆ ಅವಳು ಬ್ಯಾಗು ಹಿಡ್ಕೋ ಎಂದು ಒಂದು ದಿನವೂ ಅಂದವಳಲ್ಲ, ಗುಬ್ಬಿಯೇ ಕೇಳಿ ಇಸಿದುಕೊಂಡದ್ದು. ಬ್ಯಾಗುಗಳನ್ನು ಕುರ್ಚಿಯ ಮೇಲಿಟ್ಟು, ವೇದಿಕೆಯ ಮೆಟ್ಟಿಲು ಹತ್ತಿದಳು. ಚಪ್ಪಾಳೆ ಬಿತ್ತು, ಹೂವು ಕೈಗೆ ಬಂತು.

"ಅಂತೂ ಇಂತೂ ಎದ್ದು ಬಂದ್ರಲ್ಲ ಅಕ್ಕಾ" ಎನ್ನುತ್ತ ನಿರೂಪಕ ಮೈಕು ಕೊಟ್ಟ. "ಈಗ ಹೇಳಿ, ಮುಂದೇನು?"

ಗುಬ್ಬಿಯ ಕತ್ತು ತಾನಾಗಿಯೇ ಲೀಡರಮ್ಮನ ಕಡೆ ಹೊರಳಿತು. ಪಕ್ಕದಲ್ಲಿದ್ದ ನಕಲಿ ಗುಬ್ಬಿಯ ಕತ್ತೂ ಅದೇ ಹೊತ್ತಿಗೆ ಅದೇ ಕಡೆ ಹೊರಳಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗೆ ಲೀಡರಮ್ಮ ದನಿಯಿಲ್ಲದೆ ತುಟಿ ಆಡಿಸುತ್ತಿದ್ದಳು: ಎಂ.ಎ. ಅಂತ ಹೇಳೇ, ಎಂ.ಎ. ಅಷ್ಟು ಅಂದುಬಿಟ್ಟರೆ ಮುಗಿಯಿತು. ಗುಬ್ಬಿ ಮೈಕನ್ನು ಬಾಯಿಯ ಹತ್ತಿರ ತಂದಳು. ಅಂಗಡಿ ಅಂದುಬಿಡಲೇ? ಅದಾದರೂ ತನ್ನ ಆಸೆಯೋ, ಅತ್ತೆಯ ಆಸೆಯೋ? ನಗು ಇಳಿದು ಎಲ್ಲರೂ ಕಾಯತೊಡಗಿದರು. ದಿಕ್ಕು ತೋಚದೆ ಗುಬ್ಬಿ ಪಕ್ಕದ ಹುಡುಗಿಯ ಕಡೆ ಬಗ್ಗಿ, "ನನ್ನನ್ನ ಇಷ್ಟು ಚೆನ್ನಾಗಿ ನೋಡಿಟ್ಕೊಂಡಿದೀಯಲ್ಲ, ನೀನೇ ಹೇಳೇ, ಈಗ ನಾನು ಏನಂತೀನಿ?" ಎಂದು ಪಿಸುಗುಟ್ಟಿದಳು.

ಕೈಯಲ್ಲಿದ್ದ ಮೈಕು ಅದನ್ನು ಸಭಾಂಗಣಕ್ಕೆಲ್ಲ ಕೇಳಿಸಿಬಿಟ್ಟಿತು. ಈ ಸಲ ಯಾರೂ ನಗಲಿಲ್ಲ.

ಹುಡುಗಿ ಗಲಿಬಿಲಿಗೊಂಡು ಅವಳ ಮುಖ ನೋಡಿದಳು. "ನಂಗೊತ್ತಿಲ್ಲ ಅಕ್ಕಾ" ಎಂದಳು. "ನೀವು ಎದ್ದು ಬರೋ ತನಕ ಅಷ್ಟೇ ನಾನು ಪ್ರಾಕ್ಟೀಸ್ ಮಾಡಿದ್ದು."