ವಾಪಸಾತಿಗೆ ಕಾರಣ

ನೌಕಾಪಡೆಯ ಆ ಶೆಡ್ಡಿನಲ್ಲಿ ಪ್ಯಾರಾಚೂಟ್ ಮಡಚಿದವನೇ ಚೀಟಿಗೆ ಸಹಿ ಹಾಕಿ ಚೀಲದ ಜೇಬಿನಲ್ಲಿಡಬೇಕು. ನಿನ್ನೆಯಷ್ಟೇ ವರ್ಗವಾಗಿ ಬಂದಿದ್ದ ತರಬೇತುದಾರರು ಚೀಟಿ ಓದಿ ತಲೆಯೆತ್ತಿದರು.

"ಹರಿಕಂತ್ರ... ನೀನಾ?"

"ನಾನೇ ಸಾರ್. ಒಂಬತ್ತು ವರ್ಷದ ಹಿಂದೆ ವಿಮಾನದ ಬಾಗಿಲಲ್ಲಿ ಒಂದು ಕ್ಷಣ ತಡೆದೆ ಅಂತ ಫೇಲ್ ಮಾಡಿದ್ರಲ್ಲ, ಅವನೇ. ಇನ್ನೊಂದು ಸಲ ಬಿಡಿ ಅಂತ ಕಾಲು ಹಿಡ್ಕೊಂಡಿದ್ದೆ. ನೀವು ಒಂದೇ ಪದ ಬರೆದು ಫೈಲು ಮುಚ್ಚಿದ್ರಿ. ಹಾರೋ ಕೆಲಸ ಹೋಯ್ತು, ಮಡಚೋ ಕೆಲಸ ಸಿಕ್ತು."

ಬಾಗಿಲ ಬಳಿ ಹನ್ನೆರಡು ಹೊಸ ನಾವಿಕರು ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಇವತ್ತು ಅವರ ಮೊದಲ ಜಿಗಿತ. ಅವರಿಗಿಂತ ಮೊದಲು ಜಿಗಿದು ತೋರಿಸಬೇಕಾದವರು ತರಬೇತುದಾರರು.

"ಬೇರೆ ಕೊಡು."

ಹರಿಕಂತ್ರ ಬೇರೆ ಕೊಟ್ಟ. ಚೀಟಿಯಲ್ಲಿ ಅದೇ ಸಹಿ. ಮೂರನೆಯದರಲ್ಲೂ ಅದೇ.

"ಇಲ್ಲಿರೋದೆಲ್ಲ ನಾನೇ ಮಡಚಿದ್ದು ಸಾರ್. ಹುಡುಗರು ಆಗ್ಲೇ ಬೆನ್ನಿಗೆ ಕಟ್ಕೊಂಡಾಯ್ತು."

ತರಬೇತುದಾರರು ಚೀಲವನ್ನು ಮೇಜಿನ ಮೇಲಿಟ್ಟರು. "ನಾನಿವತ್ತು ಹಾರಲ್ಲ."

"ಆಗ್ಲಿ ಸಾರ್. ಆದ್ರೆ ವಾಪಸ್ ಕೊಟ್ರೆ ಕಾರಣ ಬರೀಬೇಕು. ಹೊಲಿಗೆ ಬಿಟ್ಟಿದೆಯಾ? ಹಗ್ಗ ಸವೆದಿದೆಯಾ? ತೋರಿಸಿ."

ತರಬೇತುದಾರರು ಚೀಲದ ಕಡೆ ನೋಡಲೂ ಇಲ್ಲ.

ಹರಿಕಂತ್ರ ರಿಜಿಸ್ಟರ್ ತೆರೆದ. ಒಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಆ ಒಂದೇ ಪದವನ್ನು, ಕಾರಣ ಎಂದಿದ್ದ ಕಡೆ ದಪ್ಪ ಅಕ್ಷರದಲ್ಲಿ ಬರೆದ: "ಪುಕ್ಕಲ."