ಹೊಟ್ಟೆ ಒಪ್ಪಿದ ಹಣ್ಣು

“ಏನ್ಲಾ ಲಿಯಾಖತ್, ನಿನ್ನ ಮಗಳೇನು ನವಾಬನ ಮನೆ ಕೂಸಾ, ಮಾತ್ರೆ ಒಗ್ಗಲ್ಲ ಅನ್ನೋಕೆ? ಮಗು ಸಾಕೋ ಯೋಗ್ಯತೆ ಇಲ್ದೋನು ಮದುವೆ ಯಾಕೋ ಆದೆ?”

ಮುಳಬಾಗಿಲಿನ ದವಾಖಾನೆಯಲ್ಲಿ ಕಾಂಪೌಂಡರ್ ಅಶ್ವತ್ಥಪ್ಪ ಹೀಗೆ ಕೂಗಿದ್ದು ಬೆಂಚಿನ ಮೇಲಿದ್ದವರೆಲ್ಲ ಕೇಳಲಿ ಎಂದೇ. ಅವರೂ ಕೆಮ್ಮು ನಿಲ್ಲಿಸಿ ನಕ್ಕರು. ಹತ್ತಿ ಹಿಂಜುವ ಲಿಯಾಖತನ ಕಿವಿ ಕೆಂಪಾಯಿತು. ನಾಲ್ಕು ವರ್ಷದ ಗೌಹರ್‌ಗೆ ವಸಡಿನಿಂದ ರಕ್ತ ಬರುತ್ತಿತ್ತು. ಸಿ ವಿಟಮಿನ್ ಸಾಲದು ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಯುದ್ಧದ ಕಾಲ, ಅದು ಸಿಕ್ಕಿದ್ದೇ ದೊಡ್ಡದು. ಆದರೆ ನುಂಗಿದರೆ ಸಾಕು, ಮಗು ಹೊಟ್ಟೆ ಹಿಡಿದು ಹೊರಳಾಡಿ, ತಿಂದದ್ದನ್ನೆಲ್ಲ ವಾಂತಿ ಮಾಡುತ್ತಿತ್ತು. ಮಾತ್ರೆ ವಾಪಸು ತಂದದ್ದೇ ಅವನ ಅಪರಾಧ.

ಡಾಕ್ಟರು ಹೊರಬಂದು, ಮಾತ್ರೆಯೇ ಆಗಬೇಕೆಂದಿಲ್ಲ, ನಿಂಬೆ, ಬೆಟ್ಟದ ನೆಲ್ಲಿಕಾಯಿ, ಸೀಬೆ, ಹೊಟ್ಟೆ ಯಾವುದನ್ನು ಒಪ್ಪುತ್ತದೋ ಅದನ್ನು ಕೊಡು ಎಂದರು. ಇವತ್ತೂ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಕೂಸು ತಡೆಯುವುದು ಕಷ್ಟ ಎಂದೂ ಹೇಳಿದರು.

ಒಪ್ಪುತ್ತದೋ ಇಲ್ಲವೋ ಎಂದು ಮಗುವಿನ ಮೇಲೆ ಪರೀಕ್ಷೆ ಮಾಡುವುದೇ? ಅವಳೂ ನಿನ್ನೆಯಿಂದ ಉಪವಾಸ, ತಾನೂ ಉಪವಾಸ. ಅಪ್ಪನ ಹೊಟ್ಟೆ ಬೇರೆ, ಮಗಳ ಹೊಟ್ಟೆ ಬೇರೆಯೇ? ಮೊದಲು ತಾನೇ ತಿಂದು ನೋಡುವುದೆಂದು ಲಿಯಾಖತ್ ನೇರ ಸಂತೆಗೆ ನುಗ್ಗಿದ. ದವಾಖಾನೆ ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿ ರಹಮತುನ್ನೀಸಾ ಕೂಸನ್ನು ಎತ್ತಿಕೊಂಡು ಹಿಂದೆ ಓಡಿದಳು.

ಹಣ್ಣು ಮಾರುವ ಅಕ್ಕಯಮ್ಮನ ಮುಂದೆ ಕೂತು ಮೊದಲು ನಿಂಬೆ ಹಿಂಡಿ ಬಾಯಿಗೆ ಬಿಟ್ಟುಕೊಂಡ. ಹೊಟ್ಟೆಗೆ ಬೆಂಕಿ ಬಿತ್ತು. ನೆಲ್ಲಿಕಾಯಿ ಅಗಿದ. ಮುಖ ಬಾಡಿದ ಹಾಗಲಕಾಯಿಯಾಯಿತು, ಹೊಟ್ಟೆಯೊಳಗೆ ಎತ್ತಿನ ಗಾಡಿ ಹೊರಟಿತು. ಜನ ವ್ಯಾಪಾರ ಬಿಟ್ಟು ಸುತ್ತ ನೆರೆದರು. ಯಾರೋ ಪುಣ್ಯಾತ್ಮ ಹುಣಿಸೆ ಚಿಗುರು ತಂದುಕೊಟ್ಟ. ಅದನ್ನೂ ತಿಂದು, ಎದ್ದು, ಕೆರೆಯ ಕಡೆಗೆ ಓಡಿದ. ಲುಂಗಿ ಬಿಗಿದುಕೊಳ್ಳುತ್ತಾ ಬಂದಾಗ ಸಂತೆಗೆ ಸಂತೆಯೇ ನಗುತ್ತಿತ್ತು. ಅವನಿಗೂ ನಗು ತಡೆಯಲಾಗಲಿಲ್ಲ.

“ಲೋ, ಕೂಸಿಗಿಂತ ಮುಂಚೆ ನೀನೇ ಹೋಗ್ಬಿಡ್ತೀಯ ಕಣೋ,” ಎಂದಳು ಅಕ್ಕಯಮ್ಮ. “ತಗೋ, ಈ ಸೀಬೆ ಕಳಿತದೆ. ಬೀಜ ಮಾತ್ರ ಮಗೂಗೆ ಕೊಡ್ಬೇಡ, ಅರಗಲ್ಲ.”

ಅರ್ಧ ತಿಂದು ಕಾದ. ಸುತ್ತಲಿದ್ದವರೂ ಉಸಿರು ಬಿಗಿಹಿಡಿದು ಅವನ ಹೊಟ್ಟೆಗೆ ಕಿವಿಗೊಟ್ಟರು. ಸದ್ದಿಲ್ಲ. ಉಳಿದರ್ಧವನ್ನು ರಹಮತುನ್ನೀಸಾ ಸೆರಗಿನ ತುದಿಯಲ್ಲಿ ಕಿವುಚಿ ಹಿಂಡಿದಳು. ಬೀಜ ಬಟ್ಟೆಯಲ್ಲೇ ಉಳಿಯಿತು. ಗೌಹರ್ ಅಮ್ಮನ ಬೆರಳು ನೆಕ್ಕಿದಳು, ಅಂಗೈ ನೆಕ್ಕಿದಳು. ಮತ್ತೆ ಎಲ್ಲರೂ ಕಾದರು. ಮಗು ಹೊರಳಲಿಲ್ಲ, ವಾಂತಿ ಮಾಡಲಿಲ್ಲ. ಇನ್ನೂ ಬೇಕೆಂದು ಅಪ್ಪನತ್ತ ಕೈ ಚಾಚಿತು. “ಅಬ್ಬಾ, ಹೋರ್.”

ಅಷ್ಟರಲ್ಲಿ ತರಕಾರಿಗೆ ಬಂದಿದ್ದ ಅಶ್ವತ್ಥಪ್ಪ ಗುಂಪಿನೊಳಗೆ ತಲೆ ತೂರಿಸಿದ. “ಏನ್ಲಾ, ಡಾಕ್ಟರಾಗ್ಬಿಟ್ಯಾ? ನಾಳೆ ದವಾಖಾನೆ ಬೀಗದ ಕೈ ನಿನಗೇ ಕೊಡ್ತೀನಿ ಬಾ.”

ಜನ ಲಿಯಾಖತನ ಬಾಯಿ ನೋಡಿದರು. ಒಳ್ಳೆಯ ಬೈಗುಳವೊಂದು ಅವನ ಗಂಟಲಿಗೆ ಬಂದೂ ಇತ್ತು. “ಅಬ್ಬಾ, ಹೋರ್,” ಎಂದಳು ಗೌಹರ್. ಅಕ್ಕಯಮ್ಮನ ಬುಟ್ಟಿಯಲ್ಲಿ ಉಳಿದದ್ದು ಬರೀ ಕಾಯಿ. ಹಣ್ಣಿದ್ದದ್ದು ಸಂತೆಯ ಆ ತುದಿಯಲ್ಲಿ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಅಶ್ವತ್ಥಪ್ಪನ ಪಕ್ಕದಲ್ಲೇ ಹಾದು ಹೊರಟ. ಅಂಟು ಕೈಯಿಂದ ಅವನ ತಲೆ ಬಡಿಯುತ್ತಾ ಗೌಹರ್ ಅಪ್ಪನನ್ನು ಎತ್ತಿನಂತೆ ಹೊಡೆದುಕೊಂಡು ಹೋಗುತ್ತಿದ್ದಳು.